ಪಟ್ಟಿಯಲ್ಲಿಲ್ಲದ ಗಾಡಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಚಿಂತಾಮಣಿ ಶಿಡ್ಲಘಟ್ಟ ರಸ್ತೆಯಲ್ಲಿ ಅವತ್ತು ಕೈಮುಗಿದು ದಾರಿ ಕೇಳಲು ಬಂದ ಡ್ರೈವರನ್ನು ಮೈಕಿನಲ್ಲಿ ಅಣಕಿಸಿ ಜನರನ್ನು ನಗಿಸಿದವನು ನಾನೇ. ಯಾವ ಯಾವ ಗಾಡಿಗಳಿಗೆ ದಾರಿ ಬಿಡಬೇಕು ಎಂಬ ಪಟ್ಟಿಯನ್ನು ಹಿಂದಿನ ದಿನ ಟೈಪ್ ಮಾಡಿದವನೂ ನಾನೇ. ಆ ಡ್ರೈವರನ ಗಾಡಿ ಆ ಪಟ್ಟಿಯಲ್ಲಿರಲಿಲ್ಲ. ಒಂದೇ ಬೆಳಿಗ್ಗೆ ಎರಡೆರಡು ಸಲ ಕತ್ತೆಯಾದವನು ನಮ್ಮ ತಾಲೂಕಿನಲ್ಲಿ ಇನ್ನೊಬ್ಬನಿದ್ದರೆ ಅವನಿಗೆ ಟೀ ಕುಡಿಸಬೇಕೆಂದಿದ್ದೇನೆ.

ನಾನು ಶಿಡ್ಲಘಟ್ಟದ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಉಳಿದ ಹೊತ್ತಿನಲ್ಲಿ ಮಿಮಿಕ್ರಿ. ಮದುವೆ ಮನೆಯ ಆರ್ಕೆಸ್ಟ್ರಾದಲ್ಲಿ ಗಾಯಕರು ನೀರು ಕುಡಿಯುವ ಐದು ನಿಮಿಷ ನನ್ನದು. ಚಿಲ್ಲರೆ ಇಲ್ಲ ಎನ್ನುವ ಕಂಡಕ್ಟರ್, ಕೆಸರಿನಲ್ಲಿ ಸಿಕ್ಕಿಕೊಂಡ ಟ್ರ್ಯಾಕ್ಟರ್, ರೇಷ್ಮೆಗೂಡಿನ ಮಾರ್ಕೆಟ್ಟಿನಲ್ಲಿ ರೇಟು ಕೂಗುವವರು, ಕೇಳಿದ ಪ್ರಶ್ನೆಗೆ ಬೇರೆಯದೇ ಉತ್ತರ ಕೊಡುವ ಸಾಹೇಬರು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆ ಕೊಡದೆ ವಾಸವಾಗಿದ್ದಾರೆ. ‘ನಿನ್ ಸ್ವಂತ ದನೀಲಿ ಒಂದ್ಸಲ ಅನ್ನ ಹಾಕು ಅಂತ ಕೇಳೋ, ಆಮೇಲೆ ಹಾಕ್ತೀನಿ’ ಎಂದು ಅಮ್ಮ ಎಷ್ಟೋ ಸಲ ತಟ್ಟೆ ಹಿಡಿದು ಕಾಯಿಸಿದ್ದಾಳೆ.

ಇಂಥವನು ಹವಾಮಾನ ಉಳಿಸುವ ಗುಂಪಿಗೆ ಸೇರಿದ್ದು ಹೇಗೆಂದರೆ, ಸ್ಕಂದಗಿರಿಯ ಮೇಲೆ ಟ್ರೆಕ್ಕಿಂಗ್‌ನವರು ಬಿಸಾಡಿದ ಬಾಟಲಿ ಆಯಲು ಒಂದು ಭಾನುವಾರ ಹೋಗಿದ್ದೆ. ಬಾಟಲಿಗಿಂತ ಹೆಚ್ಚಾಗಿ ಅಲ್ಲಿ ಕೇಳುಗರು ಸಿಕ್ಕರು. ಗುಂಪಿನ ಮುಂದಾಳು ಚಿಕ್ಕಬಳ್ಳಾಪುರದ ಒಬ್ಬ ಅಕ್ಕ. ಗೌರಿಬಿದನೂರಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿ, ದಿನಾ ಬಸ್ಸಿನಲ್ಲಿ ನಿಂತೇ ಹೋಗಿ ನಿಂತೇ ಬರುವವಳು. ಅವಳಿಗೆ ಎದುರು ಮಾತನಾಡುವ ಧೈರ್ಯವಿದ್ದದ್ದು ಮಂಚೇನಹಳ್ಳಿಯ ನಿವೃತ್ತ ಮೇಷ್ಟ್ರಿಗೆ ಮಾತ್ರ. ನಾವು ಉಳಿದ ಹತ್ತು ಜನ ಇಬ್ಬರಿಗೂ ತಲೆಯಾಡಿಸುತ್ತಿದ್ದೆವು.

ಆ ವರ್ಷ ಶಿವರಾತ್ರಿ ಮುಗಿಯುವ ಮೊದಲೇ ಸೆಕೆ ಹೆದರಿಸಲು ಶುರುಮಾಡಿತ್ತು. ಅದೇ ಹೊತ್ತಿಗೆ ರಸ್ತೆ ಅಗಲ ಮಾಡುತ್ತೇವೆಂದು ಹುಣಸೆಮರಗಳಿಗೆ ಬಿಳಿ ಬಣ್ಣದಲ್ಲಿ ನಂಬರು ಬರೆದು ಹೋದರು. ನಮ್ಮ ಗುಂಪು ಮೂರು ಮನವಿ ಕೊಟ್ಟಿತು. ಮೂರನ್ನೂ ಜೆರಾಕ್ಸ್ ಮಾಡಿದವನು ನಾನು. ಮೂರರ ಮೇಲೂ ‘ಸ್ವೀಕರಿಸಲಾಗಿದೆ’ ಎಂಬ ಸೀಲು ಬಿತ್ತು. ಆಮೇಲೆ ಏನೂ ಆಗಲಿಲ್ಲ.

‘ಹತ್ತು ನಿಮಿಷ ರಸ್ತೇಲಿ ಕೂರೋಣ’ ಎಂದಳು ಅಕ್ಕ.

‘ರಸ್ತೆ ತಡೆದ್ರೆ ಜನ ಮರದ ಬಗ್ಗೆ ಮಾತಾಡಲ್ಲಮ್ಮ, ನಮ್ಮ ಬಗ್ಗೆ ಮಾತಾಡ್ತಾರೆ’ ಎಂದರು ಮೇಷ್ಟ್ರು.

‘ಮರದ ಬಗ್ಗೆ ಮೂರು ಸಲ ಮಾತಾಡಿ ಆಯ್ತಲ್ಲ ಮೇಷ್ಟ್ರೆ. ಸೀಲ್ ಬಿಟ್ಟು ಏನ್ ಸಿಕ್ತು? ಭೂಮಿ ಕಾಯ್ತಾ ಐತೆ ಅಂತ ಪಾಠ ಮಾಡಿದ್ರೆ ನನ್ ಹುಡುಗ್ರೇ ಆಕಳಿಸ್ತಾರೆ. ಬಸ್ ಹತ್ತು ನಿಮಿಷ ನಿಂತ್ರೆ ಎಲ್ರಿಗೂ ಎಚ್ಚರ ಆಗುತ್ತೆ.’

‘ಎಚ್ಚರ ಆದೋರು ಮೊದಲು ಹುಡುಕೋದು ಎಬ್ಬಿಸಿದೋನ್ನ.’

ಇಬ್ಬರೂ ಸರಿ ಎಂದು ನನಗೆ ಅನಿಸಿತು. ಹಾಗೆ ಅನಿಸಿದಾಗ ನಾನು ಮಾಡುವುದು ಒಂದೇ ಕೆಲಸ. ಅಕ್ಕನ ದನಿಯಲ್ಲಿ ಮೇಷ್ಟ್ರ ಮಾತನ್ನೂ ಮೇಷ್ಟ್ರ ದನಿಯಲ್ಲಿ ಅಕ್ಕನ ಮಾತನ್ನೂ ಆಡಿ ತೋರಿಸಿದೆ. ಎಲ್ಲರೂ ನಕ್ಕರು. ಆ ನಗೆಯಲ್ಲೇ ತೀರ್ಮಾನವಾಗಿಹೋಯಿತು. ಮೇಷ್ಟ್ರು ಎರಡು ಷರತ್ತು ಹಾಕಿದರು: ಹತ್ತು ನಿಮಿಷ ಎಂದರೆ ಹತ್ತೇ ನಿಮಿಷ, ತಮ್ಮ ಕೈಗಡಿಯಾರದ ಲೆಕ್ಕದಲ್ಲಿ. ಮತ್ತೆ, ಯಾವ ಗಾಡಿಗಳನ್ನು ತಡೆಯಬಾರದು ಎಂಬ ಪಟ್ಟಿ ಎಲ್ಲರ ಜೇಬಿನಲ್ಲಿರಬೇಕು.

ಪಟ್ಟಿ ಬರೆದುಕೊಂಡು ನಾನೇ ಟೈಪ್ ಮಾಡಿದೆ. ಆಂಬುಲೆನ್ಸ್, ಹಾಲಿನ ಗಾಡಿ, ಬಸುರಿಯರು, ಪರೀಕ್ಷೆ ಬರೆಯುವ ಮಕ್ಕಳು, ಮಾರ್ಕೆಟ್ಟಿಗೆ ಹೋಗುವ ಗೂಡಿನ ಗಾಡಿ. ಕೊನೆಯದನ್ನು ದಪ್ಪಕ್ಷರದಲ್ಲಿ ಹಾಕಿದೆ. ರೇಷ್ಮೆಗೂಡಿನ ಗಾಡಿಯನ್ನು ತಡೆದವನು ಶಿಡ್ಲಘಟ್ಟದೊಳಗೆ ಮತ್ತೆ ಕಾಲಿಡುವ ಹಾಗಿಲ್ಲ.

ಚಾಕಿ ಗಾಡಿಯನ್ನು ಬರೆಯಲಿಲ್ಲ. ಮೊಟ್ಟೆಯೊಡೆದ ರೇಷ್ಮೆ ಹುಳಗಳನ್ನು ಮೊದಲ ಕೆಲವು ದಿನ ಚಾಕಿ ಕೇಂದ್ರದವರು ಸಾಕಿ, ಆಮೇಲೆ ರೈತರ ಮನೆಗಳಿಗೆ ತಲುಪಿಸುತ್ತಾರೆ. ಅವು ಎರಡನೇ ಜ್ವರದಲ್ಲಿರುವಾಗ, ಅಂದರೆ ಸೊಪ್ಪು ಬಿಟ್ಟು ತಲೆಯೆತ್ತಿ ಅಲ್ಲಾಡದೆ ಹಳೆಯ ಚರ್ಮ ಕಳಚಲು ಕೂತಿರುವಾಗ ಸಾಗಿಸುವುದು. ಆ ಹೊತ್ತಿನಲ್ಲಿ ಅವಕ್ಕೆ ಬಿಸಿ ತಗಲಬಾರದು. ಹಾಗಾಗಿ ಚಾಕಿ ಗಾಡಿ ಹೊರಡುವುದೇ ಕೋಳಿ ಕೂಗುವ ಹೊತ್ತಿಗೆ, ಬಿಸಿಲು ಬೀಳುವುದರೊಳಗೆ ಎಲ್ಲ ಮನೆಗೂ ಹುಳ ಇಳಿಸಿ ವಾಪಸ್ಸು. ಇದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಎಲ್ಲರಿಗೂ ಗೊತ್ತಿದ್ದದ್ದರಿಂದಲೇ ಹತ್ತು ಗಂಟೆಗೆ ಚಾಕಿ ಗಾಡಿ ರಸ್ತೆಯಲ್ಲಿರಬಹುದು ಎಂದು ಯಾರಿಗೂ ಹೊಳೆಯಲಿಲ್ಲ. ಬೆಂಗಳೂರಿನವನೊಬ್ಬ ಆ ಪಟ್ಟಿ ಮಾಡಿದ್ದರೆ ‘ಹುಳ ಯಾವಾಗ ಬೇಕಾದರೂ ಬರಬಹುದಲ್ಲ’ ಎಂದು ಬರೆಯುತ್ತಿದ್ದನೇನೋ. ನಾನು ಹುಳದ ಮನೆಯಲ್ಲೇ ಬೆಳೆದವನು. ಬರೆಯಲಿಲ್ಲ.

ಅವತ್ತೇ ನಮ್ಮತ್ತೆಯ ಮನೆಗೂ ಹುಳ ಬರುವುದಿತ್ತು. ಅತ್ತೆ ಅಪ್ಪನ ಅಕ್ಕ, ಊರು ಅದೇ ರಸ್ತೆಯಿಂದ ಎರಡು ಮೈಲಿ ಒಳಗೆ. ಮಾವ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಹುಳದ ಮನೆ ಪೂರ್ತಿ ಅತ್ತೆಯ ರಾಜ್ಯ, ಮದುವೆಯಾಗಿ ಬಂದಾಗಿನಿಂದ. ಆದರೆ ಹಿಂದಿನ ಎರಡು ಬೆಳೆಗಳು ಸೆಕೆಗೆ ಹೋಗಿದ್ದವು. ತಗಡಿನ ಮೇಲೆ ಗರಿ ಹೊದಿಸಿ, ಕಿಟಕಿಗೆ ಒದ್ದೆ ಗೋಣಿ ಕಟ್ಟಿ, ಫ್ಯಾನು ಇಟ್ಟರೂ ಹುಳಗಳು ಕೊನೆಯ ವಾರದಲ್ಲಿ ಸೊಪ್ಪು ತಿನ್ನದೆ ಬಾಯಿ ಕಟ್ಟಿದವು. ‘ಈ ಸಲಾನೂ ಹಿಂಗೇ ಆದ್ರೆ ಹುಳದ್ ಮನೇನ ಗೋಡೌನಿಗೆ ಕೊಟ್ಬಿಡೋಣ’ ಎಂದಿದ್ದರು ಮಾವ. ‘ಇದೊಂದ್ ಬೆಳೆ ನೋಡೋಣ’ ಎಂದಿದ್ದಳು ಅತ್ತೆ. ಅವಳು ಹಾಗೆ ತಗ್ಗಿ ಮಾತನಾಡಿದ್ದನ್ನು ನಾನು ಮೊದಲ ಸಲ ಕೇಳಿದ್ದೆ. ಅದನ್ನು ಅಣಕಿಸಲು ಮಾತ್ರ ನನಗೆ ಬಾಯಿ ಬರಲಿಲ್ಲ.

ಆ ಬೆಳಿಗ್ಗೆ ರಸ್ತೆಗೆ ಬಂದಾಗ ಹುಳ ಅತ್ತೆಯ ಮನೆ ಸೇರಿ ತಣ್ಣಗೆ ತಟ್ಟೆಯಲ್ಲಿವೆ ಎಂದೇ ನಾನು ತಿಳಿದಿದ್ದೆ.

ಹತ್ತಕ್ಕೆ ಸರಿಯಾಗಿ ಕೂತೆವು. ಮೊದಲ ಐದು ನಿಮಿಷ ಅಕ್ಕ ಮಾತನಾಡಿದಳು. ಮರ, ನೆರಳು, ಸೆಕೆ, ಮುಂದೆ ಹುಟ್ಟುವ ಮಕ್ಕಳು. ಜನ ಹಾರನ್ನು ಹೊಡೆದರು. ಮೈಕು ನನ್ನ ಕೈಗೆ ಬಂತು. ನಾನು ಮೊದಲು ಹಾರನ್ನುಗಳನ್ನೇ ಅಣಕಿಸಿದೆ, ಲಾರಿಯದು, ಸ್ಕೂಟಿಯದು, ಗಂಟಲು ಕಟ್ಟಿದ ಹಳೇ ಬಸ್ಸಿನದು. ಹಾರನ್ನು ನಿಂತಿತು. ಜನ ಇಳಿದು ಬಂದು ಸುತ್ತ ನಿಂತರು. ಮೇಷ್ಟ್ರು ಗಡಿಯಾರ ನೋಡಿ ಕೈಯೆತ್ತಿದರು. ನಾನು ಮೇಷ್ಟ್ರು ಕೈಯೆತ್ತುವುದನ್ನು ಅಣಕಿಸಿದೆ. ಚಪ್ಪಾಳೆ. ‘ಇನ್ನೈದು ನಿಮಿಷ, ಎಲ್ಲಾ ವಿಡಿಯೋ ಮಾಡ್ತಾವ್ರೆ’ ಎಂದು ಅಕ್ಕ ನನ್ನ ಕಿವಿಯಲ್ಲಿ ಹೇಳಿದಳು. ಹೇಳದಿದ್ದರೂ ನಾನು ನಿಲ್ಲಿಸುತ್ತಿರಲಿಲ್ಲ.

ನಡುನಡುವೆ ದಾರಿ ಕೇಳಲು ಜನ ಬರುತ್ತಿದ್ದರು. ಒಬ್ಬ ಹೆಂಡತಿಗೆ ಹೆರಿಗೆ ನೋವು ಎಂದ, ಬೈಕಿನ ಹಿಂದೆ ಅವನ ಸ್ನೇಹಿತ ಕೂತಿದ್ದ. ಇನ್ನೊಬ್ಬ ಮುಹೂರ್ತ ಮೀರುತ್ತದೆ ಎಂದ, ಯಾರದು ಎಂದರೆ ಹೇಳಲು ತಡವರಿಸಿದ. ಇವರನ್ನೆಲ್ಲ ಮೈಕಿನಲ್ಲಿ ಸ್ವಾಗತಿಸಿ ಕಳಿಸಿದೆ. ಆಗ ತಲೆಗೆ ಟವೆಲ್ ಸುತ್ತಿದ್ದ, ಐವತ್ತರ ಆಸುಪಾಸಿನ ಒಬ್ಬಾತ ಜನರನ್ನು ತಳ್ಳಿಕೊಂಡು ಬಂದ. ಚಿಂತಾಮಣಿ ಕಡೆಯ ಮಾತು, ಅರ್ಧ ತೆಲುಗು.

‘ಸಾರ್, ಗಾಡೀಲಿ ಹುಳ ಐತೆ ಸಾರ್. ಜ್ವರದಾಗವೆ. ಟೈರ್ ಪಂಚರಾಗಿ ಲೇಟಾಯ್ತು. ಕೊಂಚಂ ದಾರಿ ಬಿಡಂಡಿ ಸಾರ್, ಸತ್ತೋಗ್ತವೆ.’

ಆ ದನಿ ಎಂಥದು ಗೊತ್ತೆ? ಶುರುವಿನಲ್ಲಿ ಮೇಲೇರಿ, ನಡುವೆ ಒಡೆದು, ಕೊನೆಗೆ ತಳ ಸೇರುವ ದನಿ. ಮಿಮಿಕ್ರಿಯವನಿಗೆ ಅದು ಹಬ್ಬದೂಟ. ಅವನ ಮಾತು ಮುಗಿಯುವ ಮೊದಲೇ ಮೈಕಿನಲ್ಲಿ ಅದೇ ಮಾತು ಅದೇ ದನಿಯಲ್ಲಿ ಬಂತು, ಕೈಮುಗಿದ ಭಂಗಿಯ ಸಮೇತ. ಜನ ಹೊಟ್ಟೆ ಹಿಡಿದು ನಕ್ಕರು. ನನ್ನ ಕಿವಿಗೆ ಬಿದ್ದದ್ದು ಏರಿಳಿತ, ಮಾತಲ್ಲ. ಅವನು ಸಿಟ್ಟಾಗಲಿಲ್ಲ. ಮುಗಿದ ಕೈಯನ್ನು ಇಳಿಸಿ, ನನ್ನನ್ನು ಒಂದು ಸಲ ನೋಡಿ, ತಿರುಗಿ ಗಾಡಿಯ ಕಡೆ ಓಡಿದ.

ಎರಡು ನಿಮಿಷವಾಗಿರಬೇಕು. ಜೇಬಿನಲ್ಲಿ ಫೋನು ಅದುರಿತು. ಅತ್ತೆ.

‘ಎಲ್ಲಿದ್ದೀಯಪ್ಪ? ಹುಳ ಇನ್ನೂ ಬಂದಿಲ್ಲ ಕಣೋ. ಆ ಡ್ರೈವರ್ ಫೋನೇ ತೆಗೀತಿಲ್ಲ. ಯಾರೋ ರಸ್ತೆ ತಡ್ದವ್ರಂತೆ. ನೀನು ಆ ಕಡೆ ಇದ್ರೆ ಸ್ವಲ್ಪ ನೋಡಪ್ಪ, ಬಿಸ್ಲು ಬಿತ್ತು.’

‘ನೋಡ್ತೀನಿ ಅತ್ತೆ’ ಎಂದೆ. ಅದು ಯಾರ ದನಿಯೋ ಗೊತ್ತಿಲ್ಲ. ನನ್ನದಿರಬೇಕು, ಅಷ್ಟು ಕೆಟ್ಟದಾಗಿತ್ತು.

ಡ್ರೈವರ್ ಫೋನು ತೆಗೆಯಲಿಲ್ಲ ಏಕೆಂದರೆ ಆ ಹೊತ್ತಿನಲ್ಲಿ ಅವನು ನನ್ನ ಮುಂದೆ ಕೈಮುಗಿದು ನಿಂತಿದ್ದ. ಅವನ ಮಾತುಗಳು ಈಗ ಒಂದೊಂದಾಗಿ ಅರ್ಥವಾಗತೊಡಗಿದವು. ಹುಳ. ಜ್ವರ. ಸತ್ತೋಗ್ತವೆ. ಮೈಕನ್ನು ಅಕ್ಕನ ಕೈಗೆ ತುರುಕಿ, ‘ಎಬ್ಸಿ ಎಲ್ರನ್ನೂ, ಈಗ್ಲೇ ಎಬ್ಸಿ’ ಎಂದೆ. ಯಾಕೆ ಎಂದು ಹೇಳಲಿಲ್ಲ. ನನ್ನ ಅತ್ತೆಯ ಹುಳ ಎಂದು ಹೇಳಲು ನಾಲಿಗೆ ಹೊರಳಲಿಲ್ಲ. ‘ಚಾಕಿ ಗಾಡಿ’ ಎಂದಷ್ಟೇ ಕೂಗಿ ಓಡಿದೆ.

ಎಲ್ಲರೂ ಎದ್ದರು. ಆದರೆ ರಸ್ತೆ ಏಳಲಿಲ್ಲ. ಇದು ನಮ್ಮ ಪಟ್ಟಿಯಲ್ಲೂ ಇರಲಿಲ್ಲ, ಮೇಷ್ಟ್ರ ಗಡಿಯಾರದಲ್ಲೂ ಇರಲಿಲ್ಲ. ನಾವು ಕೂತಿದ್ದಾಗ ಹಿಂದಿನ ಗಾಡಿಗಳೆಲ್ಲ ‘ಮುಂದೆ ಜಾಗ ಐತೆ’ ಎಂದು ಎದುರು ಬದಿಗೆ ನುಗ್ಗಿದ್ದವು. ಆ ಕಡೆಯವರೂ ಅದನ್ನೇ ಮಾಡಿದ್ದರು. ಈಗ ಬಸ್ಸಿನ ಮೂಗಿಗೆ ಬಸ್ಸಿನ ಮೂಗು, ಲಾರಿಗೆ ಲಾರಿ, ಸಂದಿನಲ್ಲೆಲ್ಲ ಬೈಕು. ಹತ್ತು ನಿಮಿಷಕ್ಕೆಂದು ತಡೆದ ರಸ್ತೆ ಬಿಡಿಸಲು ಒಂದೂವರೆ ಗಂಟೆ ಬೇಕಾಯಿತು.

ಗಾಡಿ ಸಿಕ್ಕಿದ್ದು ಸಾಲಿನ ನಡುವೆ, ಸುಡು ಬಿಸಿಲಿನಲ್ಲಿ. ಟಾರ್ಪಾಲು ಮುಟ್ಟಿದರೆ ಕೈ ಸುಡುತ್ತಿತ್ತು. ಡ್ರೈವರ್ ತಾನು ಕುಡಿಯಲು ತಂದಿದ್ದ ನೀರನ್ನು ಹೊರಗಿನ ಗೋಣಿಗೆ ಸುರಿದು, ಒಳಗೆ ಟವೆಲಿನಿಂದ ಗಾಳಿ ಬೀಸುತ್ತಿದ್ದ. ನನ್ನನ್ನು ನೋಡಿದ. ಗುರುತು ಹಿಡಿದ. ಮತ್ತೆ ಟವೆಲು ಬೀಸತೊಡಗಿದ. ಅದಕ್ಕಿಂತ ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

‘ನೆರಳಿಗೆ ಇಳ್ಸೋಣ’ ಎಂದೆ.

‘ಅಲ್ಲಾಡಿಸಂಗಿಲ್ಲ. ಜ್ವರದಾಗವೆ.’

‘ಇಲ್ಲೇ ಇದ್ರೆ?’

ಅವನು ಟವೆಲನ್ನು ಹೆಗಲಿಗೆ ಹಾಕಿಕೊಂಡ. ಆಮೇಲೆ ತಟ್ಟೆಗೆ ಕೈ ಹಾಕಿದ.

ತಟ್ಟೆಗಳನ್ನು ಒಂದೊಂದಾಗಿ, ತುಂಬಿದ ಸಾರಿನ ಪಾತ್ರೆ ಹೊರುವ ಹಾಗೆ ಹೊತ್ತು, ನಂಬರು ಬರೆದ ಹುಣಸೆಮರದ ಕೆಳಗಿಟ್ಟೆವು. ಬಸ್ಸಿನಿಂದ ಇಳಿದ ನಾಲ್ಕಾರು ಹೆಂಗಸರು ತಾವಾಗಿಯೇ ಸಾಲಿಗೆ ನಿಂತು ಕೈಯಿಂದ ಕೈಗೆ ದಾಟಿಸಿದರು. ಅವರಲ್ಲಿ ಒಬ್ಬ ಅಜ್ಜಿ ಇದ್ದಳು. ತಟ್ಟೆ ಹಿಡಿದುಕೊಂಡೇ, ‘ಈ ಮರಗೋಳ ದೆಸೆಯಿಂದ ತಾನೆ ಇಷ್ಟೆಲ್ಲ? ಕೊಡ್ಲಿ ಕೊಡಿ, ನಾನೇ ಕಡೀತೀನಿ’ ಎಂದಳು. ಹೇಳಿ, ಅದೇ ಮರದ ನೆರಳಿನಲ್ಲಿ ಸೆರಗು ಬೀಸಿಕೊಂಡು ಕೂತಳು. ಬೇರೆ ದಿನವಾಗಿದ್ದರೆ ಅವಳನ್ನು ಒಂದು ವರ್ಷ ಅಣಕಿಸುತ್ತಿದ್ದೆ. ಅವತ್ತು ಮೇಷ್ಟ್ರ ಮಾತು ನೆನಪಾಯಿತು. ನಾವು ಮರಕ್ಕೆ ಗೆಳೆಯರನ್ನು ಹುಡುಕಲು ಬಂದು ಶತ್ರುಗಳನ್ನು ಹಂಚಿದ್ದೆವು.

ಒಂದು ತಟ್ಟೆಯ ಅಂಚಿನಲ್ಲಿ ಅತ್ತೆಯ ಊರಿನ ಹೆಸರು ಬರೆದ ಚೀಟಿಯಿತ್ತು. ಬಗ್ಗಿ ನೋಡಿದೆ. ಹುಳಗಳು ತಲೆಯೆತ್ತಿ ಅಲ್ಲಾಡದೆ ಕೂತಿದ್ದವು. ಜ್ವರದ ಹುಳ ಹಾಗೇ ಇರುತ್ತದೆ, ಸತ್ತ ಹುಳವೂ ಸ್ವಲ್ಪ ಹೊತ್ತು ಹಾಗೇ ಇರುತ್ತದೆ. ಯಾವುದು ಯಾವುದು ಎಂದು ಹೇಳುವ ಕಣ್ಣು ಅತ್ತೆಗಿದೆ, ನನಗಿಲ್ಲ.

ಪೊಲೀಸಿನವರು ಬಂದರು. ಒಬ್ಬ ಕಾನ್‌ಸ್ಟೇಬಲ್ ನಮ್ಮ ಹೆಸರುಗಳನ್ನು ಬರೆದುಕೊಳ್ಳುತ್ತ, ‘ಆ ಮೈಕಲ್ಲಿ ಕಿರುಚ್ತಿದ್ದೋನ್ ಯಾರ್ರೀ?’ ಎಂದ. ‘ಅವ್ನ್ ಆಗ್ಲೇ ಹೋದ ಸಾರ್’ ಎಂದು ಮೇಷ್ಟ್ರ ದನಿಯಲ್ಲಿ ನಾನೇ ಹೇಳಿದೆ. ಪಕ್ಕದಲ್ಲೇ ನಿಂತಿದ್ದ ಮೇಷ್ಟ್ರು ತಮ್ಮ ಬಾಯಿ ಮುಟ್ಟಿ ನೋಡಿಕೊಂಡರು. ಇಷ್ಟು ಹೇಡಿಯಾಗಿ ನಾನು ಯಾರ ದನಿಯನ್ನೂ ಹಿಂದೆ ಎರವಲು ಪಡೆದಿರಲಿಲ್ಲ.

ಇನ್ನೊಂದು ವಿಷಯವನ್ನೂ ಹೇಳಲೇಬೇಕು. ಮೂರು ಮನವಿಗೆ ಬಾರದ ಇಂಜಿನಿಯರ್ ಸಾಹೇಬರು ಅವತ್ತು ಊಟದ ಹೊತ್ತಿಗೆ ಜೀಪಿನಲ್ಲಿ ಬಂದರು. ಸಭೆ ಕರೆಯುವವರೆಗೆ ಈ ಸಾಲಿನ ಒಂದು ಮರಕ್ಕೂ ಕೊಡಲಿ ಹಾಕುವುದಿಲ್ಲ ಎಂದು ಎಲ್ಲರ ಮುಂದೆ ಹೇಳಿ ಬರೆದುಕೊಟ್ಟರು. ಅಕ್ಕನ ಕಣ್ಣು ತುಂಬಿತು. ಗುಂಪಿನವರು ಟೀ ಅಂಗಡಿಯಲ್ಲಿ ಕೇಕೆ ಹಾಕಿದರು. ಗೆದ್ದವರ ನಡುವೆ ಹೆದರಿ ಕೂತವನು ನಾನೊಬ್ಬನೇ.

ಮಾರನೆಯ ದಿನವೇ ಅಂಗಡಿಗೆ ರಜ ಹಾಕಿ ಅತ್ತೆಯ ಮನೆಗೆ ಸೊಪ್ಪು ಕೊಯ್ಯಲು ಹೋದೆ. ‘ಏನೋ, ಕರೀದೆ ಬಂದಿದ್ದೀಯ’ ಎಂದಳು ಅತ್ತೆ. ‘ಸುಮ್ನೆ’ ಎಂದೆ. ಆಮೇಲೆ ಬೆಳಗಿನ ಹೊತ್ತು ಮಾತ್ರ ಅಂಗಡಿಯಲ್ಲಿದ್ದು ದಿನಾ ಹೋದೆ. ಹುಳದ ಮನೆಯೊಳಗೆ ಕಾಲಿಡುವ ಮುನ್ನ ಸುಣ್ಣ ತುಳಿದು, ಕೈ ತೊಳೆದು, ತಲೆಗೆ ಬಟ್ಟೆ ಕಟ್ಟಿ. ಅಷ್ಟು ಮಡಿಯಿಂದ ನಾನು ಎಲ್ಲಿಗೂ ಹೋದವನಲ್ಲ.

ಜ್ವರದಿಂದ ಎಲ್ಲ ಹುಳಗಳೂ ಏಳಲಿಲ್ಲ. ಎದ್ದವನ್ನು ಅತ್ತೆ ಸೊಪ್ಪಿನ ಮೇಲೆ ಬಿಟ್ಟಳು. ಏಳದವನ್ನು ಎರಡು ಬೆರಳಿನಲ್ಲಿ ಎತ್ತಿ ಸುಣ್ಣದ ಬಕೇಟಿಗೆ ಹಾಕಿದಳು. ಗಂಟೆಗಟ್ಟಲೆ ಎತ್ತಿದಳು. ಲೆಕ್ಕ ಇಡಲಿಲ್ಲ, ಬೈಯಲಿಲ್ಲ. ‘ಬಿಸ್ಲು ತಗಲೈತೆ’ ಎಂದಳು, ಒಂದೇ ಸಲ. ನಾನು ಬಕೇಟನ್ನು ಹೊರಗೆ ಒಯ್ದು ಗುಂಡಿಗೆ ಸುರಿದು ಮಣ್ಣು ಮುಚ್ಚಿ ಬಂದೆ. ಅದರಲ್ಲಿ ಎಷ್ಟು ನನ್ನದು, ಎಷ್ಟು ಸೆಕೆಯದು ಎಂದು ಯಾರೂ ಹೇಳುವ ಹಾಗಿರಲಿಲ್ಲ. ಅದೇ ಹೆದರಿಕೆಯ ಬೇರು. ಸ್ಪಷ್ಟವಾಗಿ ನನ್ನದೇ ಎಂದಿದ್ದರೆ ಕಾಲು ಹಿಡಿದು ಮುಗಿಸಬಹುದಿತ್ತು.

ಆ ದಿನಗಳಲ್ಲಿ ನನಗೆ ಎಲ್ಲಕ್ಕೂ ಭಯ. ಮಾವ ಫೋನು ತೆಗೆದರೆ ಭಯ, ನಾನು ಡ್ರೈವರನ್ನು ಅಣಕಿಸುವ ವಿಡಿಯೋ ಯಾವ ಗ್ರೂಪಿನಿಂದ ಬಂದು ಬೀಳುತ್ತದೋ ಎಂದು. ಗೇಟಿನ ಬಳಿ ಗಾಡಿ ನಿಂತರೆ ಭಯ. ಮಧ್ಯಾಹ್ನ ಹುಳದ ಮನೆಯ ಗೋಡೆಗೆ ನೇತುಹಾಕಿದ್ದ ಥರ್ಮಾಮೀಟರ್ ನೋಡಲು ಭಯ. ಪಾದರಸ ಒಂದು ಗೆರೆ ಏರಿದರೆ ಕಿಟಕಿಯ ಗೋಣಿಗೆ ಮತ್ತೆ ನೀರು ಸುರಿಯುತ್ತಿದ್ದೆ. ಭೂಮಿ ಕಾಯುತ್ತಿದೆ ಎಂಬ ಅಕ್ಕನ ಭಾಷಣವನ್ನು ನಾನು ನೂರು ಸಲ ಜೆರಾಕ್ಸ್ ಮಾಡಿದ್ದೆ. ಅದು ಅರ್ಥವಾದದ್ದು ಆ ಗೆರೆ ನೋಡುತ್ತ ನಿಂತಾಗ. ಅತ್ತೆಯ ಮನೆಯ ನಡುಮನೆಯಲ್ಲಿ ಬುದ್ಧನ ಪಟವಿದೆ. ಬುದ್ಧನ ಹತ್ತಿರ ಏನನ್ನೂ ಬೇಡುವ ಹಾಗಿಲ್ಲ, ಆತ ಕೊಡುವವನಲ್ಲ, ತಿಳಿಸುವವನು ಎಂದು ನಮ್ಮ ತಾತ ಹೇಳುತ್ತಿದ್ದರು. ನಾನು ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು ಬೇಡಿದೆ. ಆತ ತಾತನ ಮಾತನ್ನೇ ಉಳಿಸಿಕೊಂಡ.

ಒಂದು ವಿದ್ಯೆ ನನ್ನನ್ನು ಹೆಚ್ಚು ಕಾಡಿತು. ನಾಲ್ಕನೇ ಜ್ವರ ಕಳೆದ ಮೇಲೆ ಹುಳ ಸೊಪ್ಪು ತಿನ್ನುವ ಸದ್ದನ್ನು ನಾನು ಚಿಕ್ಕಂದಿನಿಂದ ಬಾಯಲ್ಲಿ ತೆಗೆಯಬಲ್ಲೆ. ನಾಲಿಗೆಯನ್ನು ಅಂಗುಳಕ್ಕೆ ತಾಗಿಸಿ ತಾಗಿಸದಂತೆ ಎಳೆಯಬೇಕು, ನೂರು ಜನ ಒಟ್ಟಿಗೆ ಹೊಸ ನೋಟುಬುಕ್ಕಿನ ಹಾಳೆ ತಿರುವಿದ ಹಾಗೆ. ಆ ಸಲ ಕಣ್ಣು ಮುಚ್ಚಿ ಕೇಳಿದೆ. ಸದ್ದು ತೆಳ್ಳಗಿತ್ತು. ನಡುನಡುವೆ ಸದ್ದೇ ಇಲ್ಲದ ಜಾಗಗಳಿದ್ದವು. ಅತ್ತೆಯೂ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ನಾನು ಕಣ್ಣು ತೆರೆದಾಗ ಅವಳು ನನ್ನನ್ನೇ ನೋಡುತ್ತಿದ್ದಳು. ನಾನು ಸೊಪ್ಪಿನ ಕಡೆ ತಿರುಗಿಕೊಂಡೆ.

ಹುಳ ಹಣ್ಣಾದದ್ದು ಒಂದು ಭಾನುವಾರ. ಹಣ್ಣಾದ ಹುಳ ಎಂದರೆ ಸೊಪ್ಪು ಸಾಕೆಂದು ಗೂಡು ಕಟ್ಟಲು ತಯಾರಾದ ಹುಳ, ಬೆಳಕಿಗೆ ಹಿಡಿದರೆ ದ್ರಾಕ್ಷಿಯಂತೆ ಕಾಣುತ್ತದೆ. ಆಗ ಎಲ್ಲವನ್ನೂ ಕೆಲವೇ ಗಂಟೆಗಳಲ್ಲಿ ಆಯ್ದು ಚಂದ್ರಂಕಿಯ ಮೇಲೆ, ಅಂದರೆ ಬಿದಿರಿನ ಸುರುಳಿ ಹೆಣೆದ ಚಾಪೆಯ ಮೇಲೆ ಬಿಡಬೇಕು. ಅದಕ್ಕೆ ಕೈ ಬೇಕು, ಬಹಳ ಕೈ. ಅವತ್ತು ಊರಿನಲ್ಲಿ ಎರಡು ಮದುವೆ, ಬರುವವರಿಲ್ಲ. ಅಷ್ಟರಲ್ಲಿ ಅಕ್ಕ ಫೋನು ಮಾಡಿದಳು. ‘ಏನೋ, ಎರಡು ಮೀಟಿಂಗಿಗೂ ಬರ್ಲಿಲ್ಲ?’

‘ಅತ್ತೆ ಮನೇಲಿ ಹುಳ ಹಣ್ಣಾಗವೆ, ಜನ ಇಲ್ಲ’ ಎಂದು ಬಾಯಿ ತಪ್ಪಿ ಹೇಳಿಬಿಟ್ಟೆ.

‘ಅಷ್ಟೇ ತಾನೆ, ಊರ್ ಹೇಳು’ ಎಂದಳು. ಒಂದು ಗಂಟೆಯಲ್ಲಿ ಎರಡು ಆಟೋ ಗೇಟಿನ ಮುಂದೆ ನಿಂತವು. ಮೇಷ್ಟ್ರ ಸಮೇತ ಇಡೀ ಗುಂಪು. ಅತ್ತೆಗೆ ಇವರು ಯಾರೆಂದು ನಾನು ಹೇಳಿರಲಿಲ್ಲ. ಇವರಿಗೆ ಆ ಗಾಡಿಯಲ್ಲಿದ್ದದ್ದು ಅತ್ತೆಯ ಹುಳ ಎಂದೂ ಹೇಳಿರಲಿಲ್ಲ. ಎರಡು ಸುಳ್ಳುಗಳು ಒಂದೇ ಸೂರಿನಡಿ ಕೂತು ಹುಳ ಆಯತೊಡಗಿದವು. ನಾನು ನಡುವೆ ಕೂತು ಬೇರೆ ಬೇರೆ ವಿಷಯ ತೆಗೆದು ಗಂಟಲು ಹರಿಯುವಷ್ಟು ಮಾತನಾಡಿದೆ. ಕಂಡಕ್ಟರನ್ನು ತಂದೆ, ಟ್ರ್ಯಾಕ್ಟರ್ ತಂದೆ. ಯಾರೂ ನಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಆಯುವುದು ಮುಗಿಯುತ್ತ ಬಂತು. ಅಂಗಳದಲ್ಲಿ ಹಾಸಿದ್ದ ಚಂದ್ರಂಕಿಗಳಲ್ಲಿ ಮೂರರಲ್ಲಿ ಒಂದು ಪಾಲು ಖಾಲಿ ಉಳಿದವು. ಮಾವ ಆ ಖಾಲಿ ಚಂದ್ರಂಕಿಗಳನ್ನು ನೋಡುತ್ತ ನಿಂತರು. ಗೋಡೌನಿನ ಮಾತು ಅವರ ಬಾಯಲ್ಲಿ ಬಂದು ಕೂತದ್ದು ನನಗೆ ಕಾಣಿಸಿತು. ನುಂಗಿಕೊಂಡು ಟೀ ತರಲು ಒಳಗೆ ಹೋದರು.

ಆಗಲೇ ಅಕ್ಕ ಶುರುಮಾಡಿದಳು. ‘ಮೇಷ್ಟ್ರೆ, ಇಂಜಿನಿಯರ್ ಸಭೇನೇ ಕರೀಲಿಲ್ಲ. ಚಿಂತಾಮಣಿ ಕಡೆ ಸಾಲಿಗೂ ನಂಬರ್ ಹಾಕವ್ರೆ. ಮುಂದಿನ ತಿಂಗಳು ಇನ್ನೊಂದ್ಸಲ ಕೂರಲೇಬೇಕು.’

‘ಮತ್ತೆ ರಸ್ತೇಲಾ?’

‘ಹೋದ್ಸಲ ಕೂತಿದ್ದಕ್ಕೇ ತಾನೆ ಮರ ಉಳಿದಿದ್ದು?’

‘ಹೋದ್ಸಲ ಜನ ಬೈದಿದ್ದು ನಿನ್ ಕಿವಿಗೆ ಬೀಳ್ಲಿಲ್ಲ. ನನ್ ಕಿವಿಗೆ ಬಿತ್ತು.’

‘ಬೈಲಿ ಬಿಡಿ. ತೊಂದ್ರೆ ಕೊಡದೆ ಯಾರ್ ನಮ್ ಮಾತು ಕೇಳ್ತಾರೆ ಹೇಳಿ? ಬೇಕಾದ್ರೆ ಅಮ್ಮನ್ನೇ ಕೇಳೋಣ’ ಎಂದು ಅಕ್ಕ ಅತ್ತೆಯ ಕಡೆ ತಿರುಗಿದಳು. ‘ಅಮ್ಮ, ನೀವೇ ಹೇಳಿ. ಸೆಕೆ ಜಾಸ್ತಿ ಆದ್ರೆ ನಿಮ್ ಹುಳಕ್ಕೆ ತಾನೆ ಮೊದ್ಲು ತೊಂದ್ರೆ? ನಿಮಗೋಸ್ಕರಾನೇ ನಾವು ರಸ್ತೇಲಿ ಕೂತಿದ್ದು.’

ನನ್ನ ಕೈಯಲ್ಲಿದ್ದ ಹುಳ ಜಾರಿ ಬಿತ್ತು. ಅತ್ತೆ ಬಗ್ಗಿ ಅದನ್ನು ಎತ್ತಿಕೊಂಡಳು.

‘ಗೊತ್ತು ಕಣಮ್ಮ’ ಎಂದಳು. ‘ಆ ಡ್ರೈವರ್ ಅವತ್ತೇ ಹೇಳ್ದ. ಯಾರು ಕೂತಿದ್ರು, ಮೈಕಲ್ಲಿ ತನ್ ದನೀನೇ ತೆಗ್ದೋನು ಹೆಂಗಿದ್ದ, ಎಲ್ಲ. ಅಂಥ ಗಂಟ್ಲು ಈ ಕಡೆ ಇನ್ಯಾರಿಗೈತೆ? ಗಾಡೀಲಿ ಇದ್ದಿದ್ದು ಇವೇ ಹುಳ.’

ಅಕ್ಕ ನನ್ನನ್ನು ನೋಡಿದಳು. ಮೇಷ್ಟ್ರು ನನ್ನನ್ನು ನೋಡಿದರು. ಟೀ ತಟ್ಟೆ ಹಿಡಿದು ಬಂದ ಮಾವ ಬಾಗಿಲಲ್ಲೇ ನಿಂತರು. ಇಷ್ಟು ದಿನ ಅತ್ತೆ ಎಲ್ಲ ಗೊತ್ತಿದ್ದೂ ನನ್ನ ಕೈಗೆ ಬಕೇಟು ಕೊಡುತ್ತಿದ್ದಳು ಎಂಬುದು ಆಗ ನನಗೆ ಹೊಳೆಯಿತು. ಏನಾದರೂ ಹೇಳಬೇಕೆಂದು ಬಾಯಿ ತೆರೆದೆ. ಒಂದು ದನಿಯೂ ಒದಗಲಿಲ್ಲ.

ಅಕ್ಕನೇ ಹೇಳಿದಳು, ಮೆಲ್ಲಗೆ. ‘ಅಮ್ಮ, ನಮಗೆ ಗೊತ್ತಿರ್ಲಿಲ್ಲ. ಆದ್ರೂ… ಯಾರಿಗೂ ತೊಂದ್ರೆ ಆಗ್ದಂಗೆ ಹೋರಾಟ ಮಾಡೋದು ಹೆಂಗೆ?’

ಅತ್ತೆ ಕೈಯಲ್ಲಿದ್ದ ಹುಳವನ್ನು ಚಂದ್ರಂಕಿಯ ಸುರುಳಿಯೊಳಗೆ ಬಿಟ್ಟು, ಅದು ತಲೆಯಾಡಿಸಿ ಜಾಗ ಹುಡುಕುವುದನ್ನು ನೋಡುತ್ತ ನಿಂತಳು. ಆಮೇಲೆ ಅಕ್ಕನ ಕಡೆ ತಿರುಗಿದಳು.

‘ತೊಂದ್ರೆ ಕೊಡಿ ತಾಯಿ, ಬೇಡ ಅಂದೋರ್ಯಾರು? ಮುಂದಿನ ತಿಂಗ್ಳು ನನ್ ಹುಳ ಮತ್ತೆ ಬರ್ತವೆ, ಆಗ್ಲೇ ಹೇಳಿ ಕಳ್ಸಿದೀನಿ. ಆದ್ರೆ ಒಂದ್ ಮಾತು ಹೇಳು. ಮರ ಕಡೀರಿ ಅಂತ ಸೈನ್ ಹಾಕಿದ್ದು ನನ್ ಹುಳಾನಾ?’